ಆಸ್ಟ್ರೇಲಿಯದ ಮೂಲನಿವಾಸಿ ನಿಗಮಗಳು: ಸ್ವಾಡಳಿತ ಮತ್ತು ಸರಕಾರದ ಹಸ್ತಕ್ಷೇಪ

ಸಂಸ್ಥೆಯೊಂದನ್ನು ಕಟ್ಟುವುದು ಕಷ್ಟ. ಕಟ್ಟಿದ ಸಂಸ್ಥೆಯನ್ನು ಶುದ್ಧಹಸ್ತದಿಂದ ನಡೆಸಿಕೊಂಡು ಹೋಗುವುದು ಅದಕ್ಕಿಂತಲೂ ಕಷ್ಟ. ಹಾದಿ ತಪ್ಪಿದ ಸಂಸ್ಥೆಯನ್ನು ಅದರ ಒಡೆಯರಿಂದ ಶಾಶ್ವತವಾಗಿ ಕಸಿದುಕೊಳ್ಳದೆ ಮತ್ತೆ ಸನ್ಮಾರ್ಗಕ್ಕೆ ತರುವುದು ಇವೆರಡಕ್ಕಿಂತಲೂ ಕಠಿಣವಾದ ಕಾರ್ಯ. ಈ ಮೂರನೆಯ ಕಾರ್ಯಕ್ಕಾಗಿಯೇ ಒಂದು ವಿಶಿಷ್ಟವಾದ ಕಾನೂನನ್ನೂ ಪ್ರತ್ಯೇಕ ಅಧಿಕಾರಿಯನ್ನೂ ಆಸ್ಟ್ರೇಲಿಯ ದೇಶವು ಹೊಂದಿದೆ. ಅಲ್ಲಿಯ ಮೂಲನಿವಾಸಿಗಳು ಸ್ಥಾಪಿಸಿಕೊಂಡಿರುವ ನಿಗಮಗಳ ಆಡಳಿತದಲ್ಲಿ ಸರಕಾರವು ಯಾವಾಗ, ಎಷ್ಟರ ಮಟ್ಟಿಗೆ ಮತ್ತು ಯಾವ ಉದ್ದೇಶದಿಂದ ಕೈಯಿಡಬಹುದೆಂಬುದು ಅರ್ಧ ಶತಮಾನದಿಂದ ಅಲ್ಲಿ ಚರ್ಚಿತವಾಗುತ್ತಿರುವ ವಿಷಯ. ಸಂಘಸಂಸ್ಥೆಗಳ ಹೊಣೆಯನ್ನು ಹೊತ್ತು ಬಲ್ಲವರಿಗೆಲ್ಲ ಈ ಚರ್ಚೆಯಲ್ಲಿ ಗ್ರಹಿಸತಕ್ಕ ಅಂಶಗಳು ಅನೇಕವಿವೆ.

ಇಲ್ಲಿ ನಿಗಮವೆಂದರೆ ಸರಕಾರವು ಸ್ಥಾಪಿಸಿದ ಸಾರ್ವಜನಿಕ ಉದ್ಯಮವೆಂದು ಭಾವಿಸಬಾರದು. ಒಂದು ಊರಿನ, ಒಂದು ಕುಲದ ಅಥವಾ ಒಂದು ಪ್ರದೇಶದ ಮೂಲನಿವಾಸಿಗಳು ಸದಸ್ಯರಾಗಿ ಸೇರಿ, ಕಾನೂನಿನ ಪ್ರಕಾರ ನೋಂದಾಯಿಸಿಕೊಂಡ ಸ್ವಂತ ಸಂಸ್ಥೆಯೇ ಈ ನಿಗಮ. ಆಸ್ಟ್ರೇಲಿಯದ ೨೦೨೧ರ ಜನಗಣತಿಯಲ್ಲಿ ಅಬಾರಿಜಿನಲ್ ಜನರು ಮತ್ತು ಟಾರೆಸ್ ಜಲಸಂಧಿಯ ದ್ವೀಪವಾಸಿಗಳು ಒಟ್ಟು ಸುಮಾರು ೮ ಲಕ್ಷ ೧೨ ಸಾವಿರದಷ್ಟಿದ್ದರು; ಅಂದರೆ ದೇಶದ ಜನಸಂಖ್ಯೆಯಲ್ಲಿ ಶೇಕಡಾ ೩.೨ ಭಾಗ. ಈ ಅಲ್ಪಸಂಖ್ಯೆಯ ಜನರ ಮೂರು ಸಾವಿರಕ್ಕೂ ಮೇಲ್ಪಟ್ಟ ನಿಗಮಗಳು ನೋಂದಣಿ ಪುಸ್ತಕದಲ್ಲಿವೆ. ದೂರದ ಮರುಭೂಮಿಯ ಚಿಕಿತ್ಸಾಲಯ, ಊರಿಗಿರುವ ಒಂದೇ ದಿನಸಿ ಅಂಗಡಿ, ವಸತಿ ವ್ಯವಸ್ಥೆ, ಕಲಾಕೇಂದ್ರ, ವೃದ್ಧರ ಆರೈಕೆ, ಕೊನೆಗೆ ಪೂರ್ವಜರ ಭೂಮಿಯ ಹಕ್ಕು ಸಹ ಅನೇಕ ಕಡೆಗಳಲ್ಲಿ ಇಂಥ ನಿಗಮಗಳ ಕೈಯಲ್ಲಿವೆ. ೧೯೭೩ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಆರಂಭವಾಗಿ ಇಂದು ಮಧ್ಯ ಆಸ್ಟ್ರೇಲಿಯದ ದೊಡ್ಡ ಆರೋಗ್ಯ ಸಂಸ್ಥೆಯಾಗಿ ಬೆಳೆದಿರುವ ‘ಸೆಂಟ್ರಲ್ ಆಸ್ಟ್ರೇಲಿಯನ್ ಅಬಾರಿಜಿನಲ್ ಕಾಂಗ್ರೆಸ್’ ಇಂಥ ನಿಗಮಗಳಲ್ಲೊಂದು. ಆದ್ದರಿಂದ ನಿಗಮವೊಂದು ಮುಗ್ಗರಿಸಿದರೆ ಮುಗ್ಗರಿಸುವುದು ಬರಿಯ ಲೆಕ್ಕಪತ್ರವಲ್ಲ. ಒಂದು ಊರಿನ ಜೀವನವ್ಯವಸ್ಥೆಯೇ ಕುಸಿಯುವ ಸಂಭವವಿರುತ್ತದೆ.

ನಿಗಮದ ಅವಶ್ಯಕತೆ

ಸಾವಿರಾರು ವರ್ಷಗಳಿಂದ ತಮ್ಮದೇ ಆದ ಧರ್ಮ, ಬಂಧುತ್ವ ಮತ್ತು ಹಿರಿಯರ ಮಾತಿನ ಕಟ್ಟಳೆಯಲ್ಲಿ ಬಾಳಿಬಂದ ಜನರಿಗೆ ನಿಗಮವೆಂಬ ಈ ಪರಕೀಯ ರೂಪವೇಕೆ ಬೇಕಾಯಿತು ಎಂಬ ಪ್ರಶ್ನೆ ಸಹಜವಾದುದು. ೧೭೮೮ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲಸಿದಾಗ ಆ ಭೂಖಂಡಕ್ಕೆ ಒಡೆಯರೇ ಇಲ್ಲವೆಂಬ ಭಾವನೆಯಿಂದ ವ್ಯವಹರಿಸಿದರು. ಅವರ ಕಾನೂನಿನ ದೃಷ್ಟಿಯಲ್ಲಿ ಕಾಗದಪತ್ರವಿಲ್ಲದ ಒಡೆತನ ಒಡೆತನವೇ ಆಗಿರಲಿಲ್ಲ. ೧೯೬೬ರಲ್ಲಿ ಉತ್ತರ ಪ್ರಾಂತದ ವೇವ್ ಹಿಲ್ ಎಂಬ ಬ್ರಿಟಿಷ್ ಒಡೆತನದ ದನಗಾವಲಿನಲ್ಲಿ ದುಡಿಯುತ್ತಿದ್ದ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿಯ ನೇತೃತ್ವದಲ್ಲಿ ಕೆಲಸ ತೊರೆದು ಹೊರನಡೆದರು. ಕೂಲಿಯ ಪ್ರಶ್ನೆಯಿಂದ ಮೊದಲಾದ ಆ ಹೋರಾಟ ಭೂಮಿಯ ಪ್ರಶ್ನೆಯಾಗಿ ಬೆಳೆಯಿತು. ೧೯೭೫ರ ಆಗಸ್ಟ್ ೧೬ರಂದು ಪ್ರಧಾನಿ ಗಾಫ್ ವಿಟ್ಲಮ್ ಅವರು ಒಂದು ಹಿಡಿ ಮಣ್ಣನ್ನು ಲಿಂಗಿಯಾರಿಯ ಕೈಗೆ ಸುರಿದ ಸಂದರ್ಭ ಆ ದೇಶದ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ಆದರೆ ಮಣ್ಣನ್ನು ಕೈಗೆ ಕೊಟ್ಟಂತೆ ಗೇಣಿಪತ್ರವನ್ನು ಒಂದು ಕುಲದ ಕೈಗೆ ಕೊಡಲು ಕಾನೂನಿಗೆ ಬರುತ್ತಿರಲಿಲ್ಲ. ಪತ್ರದಲ್ಲಿ ಒಂದು ಕಾನೂನುಬದ್ಧ ಹೆಸರು ಬೇಕಾಗಿತ್ತು. ಗುರಿಂಜಿ ಜನರು ರಚಿಸಿಕೊಂಡಿದ್ದ ಕಂಪನಿಯ ಹೆಸರಿಗೆ ಆ ಗೇಣಿ ದೊರೆಯಿತು.

೧೯೬೭ರ ಜನಮತಗಣನೆಯಲ್ಲಿ ಶೇಕಡಾ ೯೦ಕ್ಕಿಂತ ಹೆಚ್ಚು ಮತದಾರರ ಒಪ್ಪಿಗೆಯಿಂದ ಮೂಲನಿವಾಸಿಗಳ ವಿಷಯದಲ್ಲಿ ಶಾಸನ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೆ ಪ್ರಾಪ್ತವಾಗಿತ್ತು. ನ್ಯಾಯಮೂರ್ತಿ ಎಡ್ವರ್ಡ್ ವುಡ್‌ವರ್ಡ್ ಅವರ ಭೂಹಕ್ಕು ಆಯೋಗದ ವರದಿಯ ತರುವಾಯ, ೧೯೭೬ರಲ್ಲಿ ಎರಡು ಶಾಸನಗಳು ಜೊತೆಯಾಗಿ ಬಂದವು. ಒಂದು ಉತ್ತರ ಪ್ರಾಂತದ ಭೂಹಕ್ಕುಗಳ ಕಾಯಿದೆ. ಇನ್ನೊಂದು ಅಬಾರಿಜಿನಲ್ ಪರಿಷತ್ತುಗಳು ಮತ್ತು ಸಂಘಗಳ ಕಾಯಿದೆ. ಎರಡನೆಯದು ೧೯೭೮ರಲ್ಲಿ ಜಾರಿಗೆ ಬಂದಿತು. ವ್ಯಾಪಾರಿ ಕಂಪನಿಗಳ ಜಟಿಲ ನಿಯಮಗಳಿಗೆ ಸಿಲುಕದೆ, ತಮ್ಮ ಸಂಪ್ರದಾಯಕ್ಕೆ ಹೊಂದುವಂತೆ ಸುಲಭವಾಗಿ ಸಂಸ್ಥೆಗಳನ್ನು ರಚಿಸಿಕೊಳ್ಳಲು ಮೂಲನಿವಾಸಿಗಳಿಗೆ ಅನುಕೂಲ ಕಲ್ಪಿಸುವುದು ಅದರ ಉದ್ದೇಶವಾಗಿತ್ತು. ಈ ಸಂಸ್ಥೆಗಳ ನೋಂದಣಿಗೂ ಮೇಲ್ವಿಚಾರಣೆಗೂ ಒಬ್ಬ ನೋಂದಣಾಧಿಕಾರಿಯನ್ನು ಆ ಕಾಯಿದೆ ನೇಮಿಸಿತು.

೧೯೯೨ರ ಜೂನ್ ೩ರಂದು ಮಾಬೊ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಒಡೆಯರಿಲ್ಲದ ಭೂಮಿಯೆಂಬ ಕಲ್ಪನೆಯನ್ನು ತಳ್ಳಿಹಾಕಿ, ಮೂಲನಿವಾಸಿಗಳ ಪಾರಂಪರಿಕ ಭೂಸ್ವಾಮ್ಯಕ್ಕೆ ಮನ್ನಣೆ ನೀಡಿತು. ಮೊಕದ್ದಮೆಗೆ ತನ್ನ ಹೆಸರನ್ನಿತ್ತ ಎಡ್ಡಿ ಮಾಬೊ ಆ ತೀರ್ಪನ್ನು ಕೇಳಲು ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಆತ ತೀರಿಕೊಂಡಿದ್ದ. ೧೯೯೩ರ ಭೂಸ್ವಾಮ್ಯ ಕಾಯಿದೆಯ ಪ್ರಕಾರ, ನ್ಯಾಯಾಲಯವು ಸ್ವಾಮ್ಯವನ್ನು ನಿರ್ಣಯಿಸಿದ ಬಳಿಕ ಅದನ್ನು ಧರಿಸಲು ಅಥವಾ ನಿರ್ವಹಿಸಲು ಒಂದು ನಿಗಮವಿರಬೇಕು. ಹೀಗೆ ನಿಗಮವು ಐಚ್ಛಿಕ ಅನುಕೂಲವಾಗಿ ಉಳಿಯದೆ, ಪೂರ್ವಜರ ಭೂಮಿಯನ್ನು ಪಡೆಯುವವರೆಲ್ಲ ದಾಟಲೇಬೇಕಾದ ಹೆಬ್ಬಾಗಿಲಾಯಿತು.

ಹಸ್ತಕ್ಷೇಪದ ಹಳೆಯ ನೆನಪುಗಳು

ಸರಕಾರದ ಅಧಿಕಾರಿಯೊಬ್ಬನು ಮೂಲನಿವಾಸಿಗಳ ಸಂಸ್ಥೆಯ ಬಾಗಿಲನ್ನು ತಟ್ಟಿದಾಗ ಅವರ ಮನಸ್ಸಿನಲ್ಲಿ ಏಳುವ ಶಂಕೆಗೆ ದೀರ್ಘವಾದ ಇತಿಹಾಸವಿದೆ. ವಿಕ್ಟೋರಿಯ ಪ್ರಾಂತದ ಕೊರಾಂಡರ್ಕ್ ಎಂಬಲ್ಲಿ ೧೮೬೩ರಲ್ಲಿ ಕುಲಿನ್ ಜನರು ನೆಲೆಯೂರಿ, ಕಾಡು ಕಡಿದು, ಹೊಲ ಮಾಡಿ, ಬಿಯರ್ ತಯಾರಿಕೆಗೆ ಬಳಸುವ ಹಾಪ್ ಬೆಳೆಯನ್ನು ಬೆಳೆದು ಖ್ಯಾತಿ ಗಳಿಸಿದರು. ಅವರ ವಿಶ್ವಾಸಕ್ಕೆ ಪಾತ್ರನಾಗಿದ್ದ ಮೇಲ್ವಿಚಾರಕ ಜಾನ್ ಗ್ರೀನ್‌ನನ್ನು ೧೮೭೦ರ ದಶಕದಲ್ಲಿ ಸರಕಾರದ ರಕ್ಷಣಾ ಮಂಡಳಿಯು ಹೊರಗೆ ಹಾಕಿತು. ಹಿರಿಯ ನಾಯಕ ವಿಲಿಯಂ ಬರಾಕ್ ಮೊದಲಾದವರು ಕಾಲ್ನಡಿಗೆಯಲ್ಲಿ ಮೆಲ್ಬೋರ್ನ್ ನಗರಕ್ಕೆ ಹೋಗಿ ಮಂತ್ರಿಗಳಲ್ಲಿ ಮೊರೆಯಿಟ್ಟರು. ೧೮೮೧ರಲ್ಲಿ ವಿಚಾರಣೆಯೂ ನಡೆಯಿತು. ಆದರೆ ೧೮೮೬ರ ಶಾಸನವು ಮಿಶ್ರರಕ್ತದವರೆಂಬ ನೆಪದಿಂದ ದುಡಿಯುವ ವಯಸ್ಸಿನವರನ್ನು ಅಲ್ಲಿಂದ ಹೊರದೂಡಿದ ಮೇಲೆ ಆ ನೆಲೆ ಕ್ಷೀಣಿಸುತ್ತ ಹೋಗಿ, ೧೯೨೪ರಲ್ಲಿ ಮುಚ್ಚಿಹೋಯಿತು. ಆ ಮಂಡಳಿಯ ಹೆಸರಿನಲ್ಲಿ ರಕ್ಷಣೆಯೆಂಬ ಮಾತಿದ್ದುದನ್ನು ಇಲ್ಲಿ ನೆನೆಯಬೇಕು.

ಎರಡನೆಯ ಉದಾಹರಣೆ ಈಚಿನದು. ೧೯೭೮ರಲ್ಲಿ ಕ್ವೀನ್ಸ್‌ಲೆಂಡ್ ರಾಜ್ಯ ಸರಕಾರವು ಅರುಕುನ್ ಮತ್ತು ಮಾರ್ನಿಂಗ್ಟನ್ ದ್ವೀಪದ ವಸತಿಗಳನ್ನು ಯುನೈಟಿಂಗ್ ಚರ್ಚಿನ ಆಡಳಿತದಿಂದ ತನ್ನ ನೇರ ಹತೋಟಿಗೆ ತೆಗೆದುಕೊಳ್ಳಲು ಹೊರಟಿತು. ಅರುಕುನ್‌ನ ನೆಲದಲ್ಲಿ ಬಾಕ್ಸೈಟ್ ಅದಿರು ಇದ್ದುದು ಈ ಸಂದರ್ಭದಲ್ಲಿ ಗಮನಾರ್ಹ. ಅಲ್ಲಿಯ ಜನರು ಅದನ್ನು ವಿರೋಧಿಸಿದರು. ಅವರ ಸ್ವಾಡಳಿತವನ್ನು ಕಾಪಾಡಲು ಕೇಂದ್ರ ಸರಕಾರವು ಒಂದು ಶಾಸನವನ್ನೇ ಮಾಡಿತು. ರಾಜ್ಯ ಸರಕಾರವು ಆ ವಸತಿಗಳ ಮೀಸಲು ಸ್ಥಾನವನ್ನು ರದ್ದುಪಡಿಸಿ, ಸ್ಥಳೀಯ ಸಂಸ್ಥೆಗಳನ್ನಾಗಿ ಮಾರ್ಪಡಿಸಿತು. ಕೆಲವೇ ತಿಂಗಳುಗಳಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ, ಆ ಪರಿಷತ್ತುಗಳನ್ನು ವಜಾ ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. ಮೂಲನಿವಾಸಿಗಳ ಸಂಘಗಳ ಕೇಂದ್ರ ಕಾಯಿದೆ ಜಾರಿಗೆ ಬಂದ ವರ್ಷದಲ್ಲಿಯೇ ಇದು ನಡೆಯಿತೆಂಬುದು ಇತಿಹಾಸದ ವಿಪರ್ಯಾಸ. ಆಡಳಿತಾಧಿಕಾರಿ ಎಂಬ ಶಬ್ದವು ಅಲ್ಲಿಯ ಹಿರಿಯರ ಕಿವಿಗೆ ಏಕೆ ಕರ್ಕಶವಾಗಿ ಕೇಳಿಸುವುದೆಂದು ಇನ್ನು ವಿವರಿಸಬೇಕಾಗಿಲ್ಲ.

೨೦೦೬ರ ಕಾಯಿದೆ

೧೯೭೬ರ ಕಾಯಿದೆಯು ಸರಳತೆಯ ಆಶಯದಿಂದ ಹುಟ್ಟಿದರೂ ಕಾಲಕ್ರಮದಲ್ಲಿ ತಿದ್ದುಪಡಿಗಳಿಂದ ಬಿಗಿಯಾಗುತ್ತ ಹೋಯಿತು. ೧೯೯೬ರಲ್ಲಿ ಜಿಮ್ ಫಿಂಗಲ್ಟನ್ ಅವರ ನೇತೃತ್ವದಲ್ಲಿ ಸಿದ್ಧವಾದ ಪರಿಶೀಲನಾ ವರದಿಯು ಆ ಕಾಯಿದೆ ಮೂಲನಿವಾಸಿಗಳ ಸಂಸ್ಕೃತಿಗೆ ಹೊಂದುವುದಿಲ್ಲವೆಂದು ವಿಮರ್ಶಿಸಿತು. ದೀರ್ಘ ಸಮಾಲೋಚನೆಯ ನಂತರ, ೨೦೦೬ರಲ್ಲಿ ಅಬಾರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪವಾಸಿಗಳ ನಿಗಮಗಳ ಕಾಯಿದೆ ರಚಿತವಾಗಿ, ೨೦೦೭ರ ಜುಲೈ ೧ರಿಂದ ಜಾರಿಗೆ ಬಂದಿತು. ಇಂದಿಗೂ ಅದೇ ಆಧಾರ ಶಾಸನ. ಅದನ್ನು ತಿದ್ದಲು ೨೦೨೧ರಲ್ಲಿ ಸಂಸತ್ತಿನ ಮುಂದಿಟ್ಟ ಮಸೂದೆಯು ೨೦೨೨ರ ಚುನಾವಣೆಗೆ ಮುನ್ನ ಸಂಸತ್ತು ವಿಸರ್ಜನೆಯಾದಾಗ ಬಿದ್ದುಹೋಯಿತು.

ಈ ಕಾಯಿದೆಯ ಪ್ರಕಾರ ನಿಗಮದ ಸದಸ್ಯರಲ್ಲಿಯೂ ನಿರ್ದೇಶಕರಲ್ಲಿಯೂ ಮೂಲನಿವಾಸಿಗಳೇ ಬಹುಸಂಖ್ಯಾತರಾಗಿರಬೇಕು. ನೋಂದಣಿಗೆ ಶುಲ್ಕವಿಲ್ಲ. ವರಮಾನ, ಆಸ್ತಿ ಮತ್ತು ನೌಕರರ ಸಂಖ್ಯೆಯನ್ನು ಅನುಸರಿಸಿ ನಿಗಮಗಳನ್ನು ಸಣ್ಣ, ಮಧ್ಯಮ ಮತ್ತು ದೊಡ್ಡ ಎಂದು ವಿಂಗಡಿಸಿ, ವರದಿಗಳ ಹೊರೆಯನ್ನು ಅದಕ್ಕೆ ತಕ್ಕಂತೆ ಹೊರಿಸಲಾಗಿದೆ. ಜೂನ್ ೩೦ಕ್ಕೆ ಲೆಕ್ಕದ ವರ್ಷ ಮುಗಿದರೆ ಐದು ತಿಂಗಳೊಳಗೆ ವಾರ್ಷಿಕ ಮಹಾಸಭೆ ಸೇರಬೇಕು. ಡಿಸೆಂಬರ್ ೩೧ರೊಳಗೆ ವರದಿ ಸಲ್ಲಬೇಕು. ಊರಿನಲ್ಲಿ ಸಾವು ಸಂಭವಿಸಿದಾಗ ಶೋಕಾಚರಣೆ ಮುಗಿಯುವವರೆಗೆ ಬೇರೆ ಕಾರ್ಯಗಳು ನಿಲ್ಲುವ ಪದ್ಧತಿ ಅನೇಕ ಕಡೆಗಳಲ್ಲಿದೆ. ಅಂಥ ಸಂದರ್ಭದಲ್ಲಿ ಕಾಲಾವಧಿಯನ್ನು ವಿಸ್ತರಿಸುವ ಅಧಿಕಾರ ನೋಂದಣಾಧಿಕಾರಿಗಿದೆ. ತನ್ನ ಕರ್ತವ್ಯವನ್ನು ನಿರ್ವಹಿಸುವಾಗ ಆತನು ಮೂಲನಿವಾಸಿಗಳ ಸಂಪ್ರದಾಯವನ್ನೂ ಪರಿಸ್ಥಿತಿಯನ್ನೂ ಗಮನದಲ್ಲಿಟ್ಟುಕೊಳ್ಳಬೇಕೆಂದು ಕಾಯಿದೆಯೇ ವಿಧಿಸುತ್ತದೆ.

ನೋಂದಣಾಧಿಕಾರಿಯ ಕೈಯಲ್ಲಿರುವ ಸಾಧನಗಳನ್ನು ಒಂದು ಏಣಿಯ ಮೆಟ್ಟಿಲುಗಳಂತೆ ತಿಳಿಯಬಹುದು. ಮೊದಲನೆಯದು ಶಿಕ್ಷಣ. ನಿರ್ದೇಶಕರಿಗೆ ಆಡಳಿತದ ತರಬೇತಿ ಕೊಡುವುದು, ಮಾದರಿ ನಿಯಮಾವಳಿಯನ್ನು ಒದಗಿಸುವುದು, ಒಳಜಗಳಗಳಲ್ಲಿ ಸಲಹೆ ನೀಡುವುದು ಈ ಮೆಟ್ಟಿಲಿಗೆ ಸೇರಿದವು. ಎರಡನೆಯದು ಪರೀಕ್ಷೆ: ಅಧಿಕೃತ ಪರೀಕ್ಷಕರು ನಿಗಮಕ್ಕೆ ಹೋಗಿ ದಾಖಲೆಗಳನ್ನೂ ಲೆಕ್ಕಗಳನ್ನೂ ನೋಡುತ್ತಾರೆ. ಮೂರನೆಯದು, ಕಂಡ ದೋಷಗಳನ್ನು ಇಂತಿಷ್ಟು ಕಾಲದಲ್ಲಿ ಸರಿಪಡಿಸಬೇಕೆಂಬ ಸೂಚನಾಪತ್ರ. ನಿರ್ದೇಶಕರು ಸಭೆಯನ್ನೇ ಕರೆಯದಿದ್ದರೆ ಸದಸ್ಯರ ಮಹಾಸಭೆಯನ್ನು ನೋಂದಣಾಧಿಕಾರಿಯೇ ಕರೆಯಬಹುದು. ವರದಿ ಸಲ್ಲಿಸದವರ ಮೇಲೆ, ಅಧಿಕಾರವನ್ನು ಸ್ವಂತಕ್ಕೆ ಬಳಸಿಕೊಂಡವರ ಮೇಲೆ ಮೊಕದ್ದಮೆಯೂ ನಡೆಯಬಹುದು. ಏಣಿಯ ಮೇಲ್ತುದಿಯಲ್ಲಿರುವುದು ವಿಶೇಷ ಆಡಳಿತ.

ವಿಶೇಷ ಆಡಳಿತದ ಸ್ವರೂಪ

ಸಾಮಾನ್ಯ ಕಂಪನಿಗಳಲ್ಲಿ ಹೊರಗಿನ ಆಡಳಿತಾಧಿಕಾರಿಯು ಬರುವುದು ಬಹುಮಟ್ಟಿಗೆ ಸಾಲ ತೀರಿಸಲಾರದ ದುಸ್ಥಿತಿ ಒದಗಿದಾಗ, ಮುಖ್ಯವಾಗಿ ಸಾಲ ಕೊಟ್ಟವರ ಹಿತಕ್ಕಾಗಿ. ಮೂಲನಿವಾಸಿ ನಿಗಮಗಳ ವಿಶೇಷ ಆಡಳಿತ ಇದಕ್ಕಿಂತ ಭಿನ್ನವಾದುದು. ಬೊಕ್ಕಸ ತುಂಬಿರುವ ನಿಗಮದಲ್ಲಿಯೂ ಅದನ್ನು ಜಾರಿಗೊಳಿಸಬಹುದು. ಕಳೆದ ಹನ್ನೆರಡು ತಿಂಗಳಲ್ಲಿ ಕನಿಷ್ಠ ಆರು ತಿಂಗಳು ನಷ್ಟದಲ್ಲಿ ವ್ಯವಹಾರ ನಡೆದಿರುವುದು, ನಿರ್ದೇಶಕರು ಸ್ವಹಿತಕ್ಕಾಗಿ ನಡೆದುಕೊಂಡಿರುವುದು, ಸದಸ್ಯರ ಮೇಲೆ ದಬ್ಬಾಳಿಕೆ ನಡೆದಿರುವುದು, ತೀವ್ರವಾದ ಒಳಜಗಳ, ಕಾಯಿದೆಯ ಉಲ್ಲಂಘನೆ ಮುಂತಾದ ಕಾರಣಗಳನ್ನು ಕಾಯಿದೆಯು ಹೆಸರಿಸುತ್ತದೆ. ಬಹುಸಂಖ್ಯೆಯ ನಿರ್ದೇಶಕರು ತಾವಾಗಿಯೇ ಕೋರಿದರೂ ಆಗಬಹುದೆಂಬುದು ವಿಶೇಷ.

ಸಾಮಾನ್ಯವಾಗಿ ಮೊದಲು ಕಾರಣ ಕೇಳುವ ನೋಟೀಸು ಹೋಗುತ್ತದೆ. ವಿಶೇಷ ಆಡಳಿತಕ್ಕೆ ಏಕೆ ಒಳಪಡಿಸಬಾರದೆಂದು ಉತ್ತರಿಸಲು ನಿಗಮಕ್ಕೆ ಅವಕಾಶ ದೊರೆಯುತ್ತದೆ. ಉತ್ತರವು ತೃಪ್ತಿಕರವಾಗಿರದಿದ್ದರೆ ನೋಂದಣಾಧಿಕಾರಿಯು ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸುತ್ತಾನೆ. ನಿರ್ದೇಶಕರ ಅಧಿಕಾರ ಅಲ್ಲಿಗೆ ಕೊನೆಗೊಳ್ಳುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳಿಗೆಂದು ನಿಗದಿಯಾಗುವ ಈ ಅವಧಿಯನ್ನು ಅಗತ್ಯ ಬಿದ್ದಾಗ ವಿಸ್ತರಿಸಬಹುದು. ಆ ಕಾಲದಲ್ಲಿ ಲೆಕ್ಕಗಳನ್ನು ನೇರ್ಪಡಿಸಬೇಕು, ಸದಸ್ಯರ ಪಟ್ಟಿಯನ್ನು ಶುದ್ಧಗೊಳಿಸಬೇಕು, ನಿಯಮಾವಳಿಯನ್ನು ಸದಸ್ಯರೊಡನೆ ಕುಳಿತು ತಿದ್ದಬೇಕು, ಸೇವೆಗಳು ನಿಲ್ಲದಂತೆ ನೋಡಿಕೊಳ್ಳಬೇಕು, ಕೊನೆಗೆ ಹೊಸ ನಿರ್ದೇಶಕ ಮಂಡಳಿಯ ಕೈಗೆ ನಿಗಮವನ್ನು ಹಿಂದಿರುಗಿಸಬೇಕು. ಉಳಿಸಲಾಗದ ನಿಗಮಗಳು ವಿಸರ್ಜನೆಗೆ ಹೋದದ್ದುಂಟು. ಬಹಳಷ್ಟು ನಿಗಮಗಳು ಸದಸ್ಯರ ಕೈಗೆ ಮರಳಿವೆ.

ಪಟ್ಟಿಯ ಶುದ್ಧೀಕರಣ ಚಿಕ್ಕ ಕೆಲಸವೆಂದು ತೋರಬಹುದು. ವಾಸ್ತವವಾಗಿ ಅದೇ ಇಡೀ ವಿಷಯದ ಮರ್ಮಸ್ಥಾನ. ಯಾರು ಸದಸ್ಯರೆಂಬುದು ತಿಳಿಯದಿದ್ದರೆ ಯಾರ ಮತ ಸಿಂಧುವೆಂಬುದು ತಿಳಿಯದು. ಮತದ ಸಿಂಧುತ್ವ ಸಂದೇಹಾಸ್ಪದವಾದರೆ ಮಂಡಳಿಯ ಅಧಿಕಾರವೂ ಸಂದೇಹಾಸ್ಪದ. ಭೂಸ್ವಾಮ್ಯದ ನಿಗಮಗಳಲ್ಲಂತೂ ಸದಸ್ಯತ್ವದ ಪ್ರಶ್ನೆಯು ಆ ಭೂಮಿ ಯಾರ ಪೂರ್ವಜರದು ಎಂಬ ಪ್ರಶ್ನೆಯೇ ಆಗಿ ನಿಲ್ಲುತ್ತದೆ. ಅದನ್ನು ಹೊರಗಿನಿಂದ ಬಂದ ಲೆಕ್ಕಪರಿಣತನೊಬ್ಬನು ತಾನೇ ನಿರ್ಣಯಿಸಲಾರ. ಹಿರಿಯರ ನೆರವು ಅವನಿಗೆ ಅನಿವಾರ್ಯ.

ಮುಟಿಟ್ಜುಲುವಿನ ಪಾಠ

ಮಧ್ಯ ಆಸ್ಟ್ರೇಲಿಯದ ಉಲುರು ಎಂಬ ಮಹಾಶಿಲೆಯ ಬುಡದಲ್ಲಿರುವ ಅನಂಗು ಜನರ ಊರು ಮುಟಿಟ್ಜುಲು. ೧೯೮೫ರ ಅಕ್ಟೋಬರ್ ೨೬ರಂದು ಆ ಶಿಲೆಯ ಒಡೆತನ ಅನಂಗು ಜನರಿಗೆ ಮರಳಿತು. ರಾಷ್ಟ್ರೀಯ ಉದ್ಯಾನಕ್ಕಾಗಿ ಅವರು ಅದನ್ನು ೯೯ ವರ್ಷಗಳ ಗೇಣಿಗೆ ಸರಕಾರಕ್ಕೆ ಕೊಟ್ಟರು. ೨೦೦೬ರಲ್ಲಿ, ಹಳೆಯ ಕಾಯಿದೆಯು ಇನ್ನೂ ಜಾರಿಯಲ್ಲಿದ್ದಾಗ, ಆ ಊರಿನ ನಿಗಮಕ್ಕೆ ಆಡಳಿತಾಧಿಕಾರಿಯನ್ನು ನೇಮಿಸಲಾಯಿತು. ನಿಗಮವು ನ್ಯಾಯಾಲಯದ ಮೊರೆಹೊಕ್ಕಿತು. ಕಾರಣ ತೋರಿಸಲು ಸಮಂಜಸವಾದ ಕಾಲಾವಕಾಶ ದೊರೆಯಲಿಲ್ಲವೆಂಬ ನೆಲೆಯಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠವು ಆ ನೇಮಕವನ್ನು ಅಸಿಂಧುವೆಂದು ಸಾರಿತು.

ನಿಗಮದ ಆಡಳಿತದಲ್ಲಿ ದೋಷವಿತ್ತೇ ಇಲ್ಲವೇ ಎಂಬ ಪ್ರಶ್ನೆಗಿಂತ ಈ ತೀರ್ಪಿನ ತತ್ತ್ವ ಬೇರೆಯಾದುದು. ಆಡಳಿತವನ್ನು ತೆಗೆದುಕೊಳ್ಳಲು ಹೊರಟವನು ಮೊದಲು ಆ ಜನರ ಮಾತನ್ನು ನಿಜವಾಗಿ ಕೇಳಬೇಕು. ಹತ್ತಿರದ ವಕೀಲನು ನೂರಾರು ಮೈಲಿ ದೂರದಲ್ಲಿರುವ, ಇಂಗ್ಲಿಷ್ ಮಾತೃಭಾಷೆಯಲ್ಲದ ಊರಿನಲ್ಲಿ ನೋಟೀಸಿನ ಅವಧಿಯನ್ನು ರಾಜಧಾನಿಯ ಗಡಿಯಾರದಿಂದ ಅಳೆಯಲಾಗದು. ೨೦೦೭ರ ಜೂನ್‌ನಲ್ಲಿ ಕೇಂದ್ರ ಸರಕಾರವು ಉತ್ತರ ಪ್ರಾಂತದಲ್ಲಿ ತುರ್ತು ಕಾರ್ಯಾಚರಣೆಯನ್ನು ಘೋಷಿಸಿದಾಗ ಸೈನಿಕರೂ ಅಧಿಕಾರಿಗಳೂ ಮೊದಲು ಕಾಲಿಟ್ಟ ಊರುಗಳಲ್ಲಿ ಮುಟಿಟ್ಜುಲುವೂ ಒಂದು. ಆ ಕಾರ್ಯಾಚರಣೆಗಾಗಿ ಜನಾಂಗಭೇದ ನಿಷೇಧ ಶಾಸನದ ಅನ್ವಯವನ್ನೇ ತಡೆಹಿಡಿಯಲಾಗಿತ್ತು. ಅದನ್ನು ಮರಳಿ ಅನ್ವಯಗೊಳಿಸುವ ಶಾಸನ ೨೦೧೦ರಲ್ಲಿ ಬಂದಿತು. ಒಂದು ನಿಗಮದ ಲೆಕ್ಕಪತ್ರದ ಪ್ರಶ್ನೆ ಇಡೀ ಜನಾಂಗದ ಮೇಲಣ ಅವಿಶ್ವಾಸವಾಗಿ ಎಷ್ಟು ಬೇಗ ಬೆಳೆಯಬಲ್ಲುದೆಂಬುದಕ್ಕೆ ಆ ಎರಡು ವರ್ಷಗಳು ಸಾಕ್ಷಿ.

ಉತ್ತರದಾಯಿತ್ವದ ಎರಡು ಮುಖಗಳು

ಈ ವ್ಯವಸ್ಥೆಯ ಟೀಕಾಕಾರರು ಒಂದು ಮುಖ್ಯ ಪ್ರಶ್ನೆಯನ್ನು ಎತ್ತುತ್ತಾರೆ. ಬೇರೆ ಆಸ್ಟ್ರೇಲಿಯನ್ನರ ಕಂಪನಿಯಲ್ಲಿ ನಿರ್ದೇಶಕರು ಜಗಳವಾಡಿದರೆ ಸರಕಾರದ ಅಧಿಕಾರಿ ಬಂದು ಮಂಡಳಿಯನ್ನು ತೆರವುಗೊಳಿಸುವುದಿಲ್ಲ. ಮೂಲನಿವಾಸಿಗಳಿಗೆ ಮಾತ್ರ ಈ ವಿಶೇಷ ಕಣ್ಗಾವಲೇಕೆ? ಸಮರ್ಥಕರ ಉತ್ತರವೂ ತೂಕವುಳ್ಳದ್ದು. ಬೇರೆಯವರ ಕಂಪನಿ ಮುಳುಗಿದರೆ ಮತ್ತೊಂದು ಅಂಗಡಿಯೋ ಆಸ್ಪತ್ರೆಯೋ ಸಮೀಪದಲ್ಲಿರುತ್ತದೆ. ಮರುಭೂಮಿಯ ಊರಿನಲ್ಲಿ ಎರಡನೆಯದು ಇರುವುದಿಲ್ಲ. ಅಲ್ಲದೆ, ಬಡ ಸದಸ್ಯನೊಬ್ಬನು ಬಲಿಷ್ಠ ನಿರ್ದೇಶಕರ ವಿರುದ್ಧ ಸ್ವಂತ ಖರ್ಚಿನಿಂದ ನ್ಯಾಯಾಲಯಕ್ಕೆ ಹೋಗಲಾರ. ಅವನ ಪರವಾಗಿ ನಿಲ್ಲುವ ಅಧಿಕಾರಿ ಬೇಡವೇ ಎಂದು ಅವರು ಕೇಳುತ್ತಾರೆ.

ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ವಿವೇಚಿಸಬೇಕಾದುದು ನಿಗಮವು ಯಾರಿಗೆ ಉತ್ತರದಾಯಿ ಎಂಬುದನ್ನು. ಅನುದಾನ ಕೊಡುವ ಇಲಾಖೆಗಳಿಗೆ ಪ್ರತಿಯೊಂದು ಕಾಸಿನ ಲೆಕ್ಕವನ್ನು ಒಪ್ಪಿಸುತ್ತಿರುವ ನಿಗಮವು ತನ್ನ ಸದಸ್ಯರಿಗೆ ಏನನ್ನೂ ತಿಳಿಸದೆ ಇರಬಹುದು. ಇಲಾಖೆಗೆ ಕಳುಹಿಸಿದ ವರದಿ ನಿರ್ದುಷ್ಟವಾಗಿದ್ದು, ಮಹಾಸಭೆಯಲ್ಲಿ ಅದನ್ನು ಓದಿ ತಿಳಿಯಹೇಳುವವರೇ ಇಲ್ಲದಿದ್ದರೆ ಉತ್ತರದಾಯಿತ್ವದ ಅರ್ಧ ಭಾಗವಷ್ಟೇ ನೆರವೇರಿದಂತೆ.

ಬಂಧುತ್ವದ ಕಟ್ಟಳೆಯೂ ಇಲ್ಲಿ ಪರಿಗಣಿಸತಕ್ಕ ವಿಷಯ. ಕಷ್ಟದಲ್ಲಿರುವ ಬಂಧುವಿಗೆ ಇದ್ದುದನ್ನು ಹಂಚಿಕೊಡುವುದು ಆ ಸಮಾಜಗಳಲ್ಲಿ ಪರಮ ಕರ್ತವ್ಯ, ಕೊಡದವನು ನಿಂದ್ಯನಾಗುತ್ತಾನೆ. ನಿಗಮದ ವಾಹನವನ್ನು ಬಂಧುವಿನ ಅಂತ್ಯಕ್ರಿಯೆಗೆ ಕೊಟ್ಟ ನಿರ್ದೇಶಕನು ಕಾಯಿದೆಯ ಕಣ್ಣಿಗೆ ತಪ್ಪಿತಸ್ಥನಾಗಿಯೂ ಊರಿನ ಕಣ್ಣಿಗೆ ಸತ್ಪುರುಷನಾಗಿಯೂ ಕಾಣುವ ಸಂದರ್ಭವುಂಟು. ಇಂಥ ಇಕ್ಕಟ್ಟನ್ನು ದಂಡನೆಯಿಂದ ಬಗೆಹರಿಸಲಾಗದು. ಅಂಥ ನೆರವಿಗೆ ಎಷ್ಟು ಹಣ, ಯಾರ ಒಪ್ಪಿಗೆಯಿಂದ, ಯಾವ ಸಂದರ್ಭದಲ್ಲಿ ಎಂಬುದನ್ನು ಸದಸ್ಯರೇ ಕೂಡಿ ನಿಯಮಾವಳಿಯಲ್ಲಿ ಬರೆದುಕೊಂಡರೆ ಔದಾರ್ಯವೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ. ಆದರೆ ಬಂಧುಪ್ರೇಮದ ಹೆಸರಿನಲ್ಲಿ ಒಂದೇ ಕುಟುಂಬವು ಊರಿನ ಸಂಪತ್ತನ್ನು ಅನುಭವಿಸುವುದು ಸಂಪ್ರದಾಯವಲ್ಲ. ಅದರಿಂದ ಮೊದಲು ನೊಂದವರು ಆ ಊರಿನ ಇತರ ಮೂಲನಿವಾಸಿಗಳೇ. ದೂರು ಒಯ್ಯುವವರಲ್ಲಿಯೂ ಅನೇಕರು ಅವರೇ.

೨೦೨೩ರ ಅಕ್ಟೋಬರ್ ೧೪ರ ಜನಮತಗಣನೆಯಲ್ಲಿ, ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿಗಳ ರಾಷ್ಟ್ರೀಯ ಮಂಡಳಿಯೊಂದನ್ನು ಸಂವಿಧಾನದಲ್ಲಿ ಸ್ಥಾಪಿಸುವ ಪ್ರಸ್ತಾಪವು ತಿರಸ್ಕೃತವಾಯಿತು. ಅದರಿಂದ ಊರೂರಿನ ನಿಗಮಗಳ ಮಹತ್ತ್ವ ಇನ್ನೂ ಹೆಚ್ಚಿದೆ. ತಮ್ಮ ಬಾಳಿನ ನಿರ್ಧಾರಗಳನ್ನು ತಾವೇ ಕೈಗೊಳ್ಳಲು ಆ ಜನರಿಗಿರುವ ಸ್ಥಳಗಳಲ್ಲಿ ನಿಗಮದ ಮಹಾಸಭೆ ಪ್ರಮುಖವಾದುದು. ಆದುದರಿಂದಲೇ ಅಲ್ಲಿ ನಡೆಯುವ ಅವ್ಯವಹಾರವನ್ನು ಕಂಡೂ ಕಾಣದಂತಿರುವುದು ಆ ಜನರಿಗೆ ಮಾಡುವ ಉಪಕಾರವಲ್ಲ. ಅವ್ಯವಹಾರವನ್ನು ನೆಪ ಮಾಡಿಕೊಂಡು ಮಹಾಸಭೆಯನ್ನೇ ಮುಚ್ಚುವುದೂ ಉಪಕಾರವಲ್ಲ.

ಹಸ್ತಕ್ಷೇಪವು ಯೋಗ್ಯವೋ ಅಯೋಗ್ಯವೋ ಎಂಬುದನ್ನು ಅದು ಆರಂಭವಾದ ದಿನಕ್ಕಿಂತ ಮುಗಿದ ದಿನವೇ ಸ್ಪಷ್ಟವಾಗಿ ಹೇಳುತ್ತದೆ. ಆಡಳಿತಾಧಿಕಾರಿಯು ಊರನ್ನು ಬಿಟ್ಟು ಹೊರಡುವಾಗ ಸದಸ್ಯರ ಪಟ್ಟಿ ಸರಿಯಾಗಿದೆಯೇ, ನಿಯಮಾವಳಿಯನ್ನು ಸದಸ್ಯರು ತಮ್ಮದೆಂದು ತಿಳಿದಿದ್ದಾರೆಯೇ, ಲೆಕ್ಕವನ್ನು ಪ್ರಶ್ನಿಸಬಲ್ಲ ಹತ್ತು ಮಂದಿ ಸಭೆಯಲ್ಲಿದ್ದಾರೆಯೇ, ಮುಂದಿನ ವರ್ಷದ ಮಹಾಸಭೆಯನ್ನು ಯಾರ ಒತ್ತಾಯವೂ ಇಲ್ಲದೆ ಕರೆಯಬಲ್ಲ ಮಂಡಳಿಯಿದೆಯೇ ಎಂದು ನೋಡಬೇಕು. ಇವೆಲ್ಲ ಇದ್ದರೆ ಆ ಕೆಲವು ತಿಂಗಳ ಪರಾಧೀನತೆ ಸಾರ್ಥಕವಾಯಿತೆನ್ನಬಹುದು. ಇವಿಲ್ಲದೆ ಬರಿಯ ಸಾಲ ತೀರಿ, ಕಡತಗಳು ಒಪ್ಪವಾಗಿ ಕುಳಿತಿದ್ದರೆ, ಮುಂದಿನ ನೋಟೀಸಿಗೆ ಆ ನಿಗಮವು ಹೆಚ್ಚು ವರ್ಷ ಕಾಯಬೇಕಾಗುವುದಿಲ್ಲ.